ಎಪ್ಪತ್ತಮೂರನೆಯ ಮೆಟ್ಟಿಲು

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಾಂತಿಕಾರಿ ಅಲ್ಲ. ಪೇಪರಿನಲ್ಲಿ ನನ್ನ ಫೋಟೋ ಬಂದದ್ದು ನಿಜ, ಕೈಯಲ್ಲಿ ತಂತಿ ಬ್ರಷ್ಷು ಇದ್ದದ್ದೂ ನಿಜ, ಫೋಟೋದ ಕೆಳಗೆ ‘ಮೂಕ ಪ್ರತಿರೋಧದ ಮುಖ’ ಎಂದು ದಪ್ಪಕ್ಷರದಲ್ಲಿ ಹಾಕಿದ್ದೂ ನಿಜ. ಆದರೆ ಆ ಹೊತ್ತಿನಲ್ಲಿ ನಾನು ಉಜ್ಜುತ್ತಿದ್ದದ್ದು ಪಾರಿವಾಳದ ಹಿಕ್ಕೆಯನ್ನು. ಮೂವತ್ತೆರಡು ವರ್ಷ ಸ್ಟುಟ್‌ಗಾರ್ಟಿನ ಗುಡ್ಡಗಳ ಮೇಲೆ ಟ್ರಾಮ್ ಓಡಿಸಿ, ಬಾಗಿಲಿಗೆ ಅಡ್ಡ ನಿಂತವರನ್ನೆಲ್ಲ ಬಾಯಿಗೆ ಬಂದ ಹಾಗೆ ಬೈದು ನಿವೃತ್ತಳಾದ ಗೆರ್ಲಿಂಡೆ ರಾಪ್ ನಾನು. ನನ್ನನ್ನು ‘ಮೂಕ’ ಎಂದು ಕರೆದದ್ದು ಅದೇ ಮೊದಲು. ನನ್ನ ತಮ್ಮ ಪೇಪರ್ ನೋಡಿ ಫೋನ್ ಮಾಡಿದವನು ಐದು ನಿಮಿಷ ಬರೀ ನಕ್ಕ.

ನಮ್ಮದು ಕಾಗೆ ಮೆಟ್ಟಿಲು. ಕೆಳಗೆ ಟ್ರಾಮ್ ನಿಲ್ದಾಣ, ಬೇಕರಿ, ಮಂಗಳವಾರದ ಸಂತೆ. ಮೇಲೆ ನಮ್ಮ ಮನೆಗಳು. ನಡುವೆ ನೂರ ನಲವತ್ತಾರು ಮೆಟ್ಟಿಲು. ಕಾರಿದ್ದವರು ಗುಡ್ಡ ಸುತ್ತಿಕೊಂಡು ಬರುತ್ತಾರೆ, ಕಾರಿಲ್ಲದವರು ಏದುಸಿರು ಬಿಡುತ್ತಾ ಹತ್ತುತ್ತಾರೆ. ಮೆಟ್ಟಿಲು ನಗರಸಭೆಯದು. ಆದರೆ ಗುಡಿಸುವುದು ನಾವು. ಹತ್ತು ಮನೆ, ಹತ್ತು ವಾರ, ವಾರಕ್ಕೊಬ್ಬರ ಪಾಳಿ. ಅಂಗೈ ಅಗಲದ ಒಂದು ಮರದ ಹಲಗೆ ಇದೆ, ಅದು ಯಾರ ಬಾಗಿಲ ಹಿಡಿಯಲ್ಲಿ ನೇತಾಡುತ್ತಿದೆಯೋ ಅವರು ಶನಿವಾರ ಮಧ್ಯಾಹ್ನದೊಳಗೆ ಮೇಲಿನಿಂದ ಕೆಳಗಿನವರೆಗೆ ಗುಡಿಸಿ, ಉಜ್ಜಿ, ಹಲಗೆಯನ್ನು ಮುಂದಿನವರ ಬಾಗಿಲಿಗೆ ಸಿಕ್ಕಿಸಬೇಕು. ಮುಂದಿನವರು ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಸುಮ್ಮನೆ ಗಾಳಿಗೆ ಹೊರಟವರ ಹಾಗೆ ಕೆಳಗಿನವರೆಗೆ ಇಳಿದು ಒಂದೊಂದು ಮೂಲೆಯನ್ನೂ ನೋಡಿ ಬರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಅನ್ನುವ ಅಗತ್ಯವೇ ಬೀಳುವುದಿಲ್ಲ. ಮೂವತ್ತು ವರ್ಷದ ಹಿಂದೆ ಒಂಬತ್ತನೆಯ ಮನೆಯಲ್ಲಿದ್ದ ಒಬ್ಬ ಸಂಗೀತಗಾರ ಒಂದೇ ಒಂದು ಶನಿವಾರ ತಪ್ಪಿಸಿದ. ಅವನು ಊರು ಬಿಟ್ಟು, ಮದುವೆಯಾಗಿ, ಸತ್ತೂ ಹೋದ. ಇವತ್ತಿಗೂ ಆ ಮನೆಗೆ ‘ಗುಡಿಸದವನ ಮನೆ’ ಎಂದೇ ಹೆಸರು, ಪಾಪ, ಈಗ ಅಲ್ಲಿರುವವರು ದಿನಾ ಗುಡಿಸಿದರೂ.

ನನ್ನ ಎದುರು ಬಾಗಿಲಿನವರು ವಾಲ್ಬುರ್ಗಾ ಬಾಯರ್ಲೆ. ಎಂಬತ್ತಮೂರು ವರ್ಷ. ಮೂವತ್ತೊಂದು ವರ್ಷದಿಂದ ನಾವು ನೆರೆಹೊರೆಯವರು, ಮೂವತ್ತೊಂದು ವರ್ಷದಿಂದಲೂ ‘ರಾಪ್ ಅವ್ರೇ’, ‘ಬಾಯರ್ಲೆ ಅವ್ರೇ’, ನೀವು, ತಾವು. ಅವರಿಗೆ ತಲೆ ಚುರುಕು, ನಾಲಿಗೆ ಇನ್ನೂ ಚುರುಕು, ಮಂಡಿ ಮಾತ್ರ ಕೈಕೊಟ್ಟಿದೆ. ಒಂದೇ ಉಸಿರಿಗೆ ನೂರ ನಲವತ್ತಾರು ಹತ್ತಲಾಗುವುದಿಲ್ಲ. ನಡುವೆ ಕೂರೋಣ ಎಂದರೆ ಕೂರುವ ಜಾಗವಿಲ್ಲ. ಮೆಟ್ಟಿಲ ಮೇಲೇ ಕೂತರೆ ಏಳಲಾಗುವುದಿಲ್ಲ. ಹೋದ ಚಳಿಗಾಲದಲ್ಲಿ ಹಾಗೆ ಕೂತು, ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡು, ಪೋಸ್ಟ್‌ಮ್ಯಾನ್ ಬರುವವರೆಗೆ ಮುಕ್ಕಾಲು ಗಂಟೆ ಹಾಗೇ ಇದ್ದರು. ಮಗಳು ಹೈಡ್ರುನ್ ಹೈಲ್‌ಬ್ರೋನಿನಿಂದ ಓಡಿ ಬಂದಳು.

“ಟ್ಯಾಕ್ಸಿಲಿ ಬರಬಾರದಾಮ್ಮಾ?”

“ಎರಡು ಕಟ್ಟು ಸೊಪ್ಪಿಗೆ ಟ್ಯಾಕ್ಸಿನಾ? ತಲೆ ನೆಟ್ಟಗಿದೆಯಾ ನಿಂಗೆ?”

ಆಗ ಹೈಡ್ರುನ್ ಗಡುವು ಹಾಕಿದಳು. ಮುಂದಿನ ಕ್ರಿಸ್‌ಮಸ್ ಒಳಗೆ ಅಮ್ಮ ಒಬ್ಬರೇ ಮೆಟ್ಟಿಲು ಹತ್ತುವ ಹಾಗಾಗಬೇಕು, ಇಲ್ಲದಿದ್ದರೆ ಹೈಲ್‌ಬ್ರೋನಿನ ವೃದ್ಧಾಶ್ರಮದಲ್ಲಿ ಹಿಡಿದಿಟ್ಟಿರುವ ಕೋಣೆಗೆ ಹೊರಡಬೇಕು. ಕೋಣೆಗೆ ಬಾಲ್ಕನಿ ಇದೆಯಂತೆ. “ಬಾಲ್ಕನಿಯಿಂದ ಏನು ಕಾಣುತ್ತೆ ಗೊತ್ತಾ ರಾಪ್ ಅವ್ರೇ?” ಎಂದರು ಬಾಯರ್ಲೆ. “ಇನ್ನೊಬ್ಬರ ಬಾಲ್ಕನಿ.” ಹೇಳಿ ಮುಖ ತಿರುಗಿಸಿಕೊಂಡರು.  ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಆಗಸ್ಟ್ ತಿಂಗಳಲ್ಲಿ ನಗರಸಭೆಯ ಕರಪತ್ರ ಎಲ್ಲರ ಪೆಟ್ಟಿಗೆಗೂ ಬಂತು. ಕಾಗೆ ಮೆಟ್ಟಿಲಿಗೆ ಹೊಸ ರೂಪ! ಎರಡೂ ಕಡೆ ಕೈಹಿಡಿಯ ಕಂಬಿ, ಸವೆದ ಕಲ್ಲಿಗೆ ಹೊಸ ಕಲ್ಲು, ಮೇಲೆ ಕಾರು ನಿಲ್ಲುವ ಕಡೆ ಪುಟ್ಟ ಚೌಕ, ಎರಡು ಮರ. ಮತ್ತೆ ಎಪ್ಪತ್ತಮೂರನೆಯ ಮೆಟ್ಟಿಲಿನ ಹತ್ತಿರ, ಅಂದರೆ ಸರಿಯಾಗಿ ನಟ್ಟನಡುವೆ, ಅಗಲವಾದ ಕಟ್ಟೆಯ ಮೇಲೆ ಒಂದು ಬೆಂಚು. ಬಾಯರ್ಲೆ ಆ ಬೆಂಚಿಗಾಗಿ ಹನ್ನೊಂದು ವರ್ಷ ಅರ್ಜಿ ಬರೆದಿದ್ದರು. ಚಿತ್ರವನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ಮಿಕ್ಕವರು ಏನಂದರು ಎಂದು ಕೇಳಬೇಡಿ. ಕೇಳಿದರೂ ಕೇಳದಿದ್ದರೂ ನಮ್ಮವರು ಹೇಳಿಯೇ ಹೇಳುತ್ತಾರೆ.

“ಐದು ಕಾರಿನ ಜಾಗ ಹೋಗುತ್ತೆ ಕಣ್ರೀ, ಐದು!” ಎಂದು ಕುದಿದವನು ರೈನ್‌ಹೋಲ್ಟ್ ಕ್ನಾಪ್, ಎರಡನೆಯ ಮನೆಯವನು.

“ನಿಮ್ಮ ಹತ್ರ ಕಾರು ಎಷ್ಟಿದೆ?” ಎಂದೆ.

“ಒಂದು.”

“ಮತ್ತೆ?”

“ಅದು ತತ್ವದ ಪ್ರಶ್ನೆ.”

ಡಾಕ್ಟರ್ ನೇಗೆಲೆಯದು ಇನ್ನೊಂದು ರಾಗ. ಔಷಧಿ ಕೊಡುವ ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಮರುದಿನವೇ ‘ಕಾಗೆ ಮೆಟ್ಟಿಲು ಉಳಿಸಿ ಸಮಿತಿ’ ಕಟ್ಟಿ ತಾವೇ ಅಧ್ಯಕ್ಷರಾದರು. “ಈ ಕಲ್ಲು ಮೂರು ರಾಜರ ಕಾಲ ಕಂಡಿದೆ,” ಎಂದು ಮೆಟ್ಟಿಲ ತುದಿಯಲ್ಲಿ ನಿಂತು ಭಾಷಣ ಬಿಗಿದರು.

“ಅದಕ್ಕೇ ಇಷ್ಟು ಸವೆದಿದೆ,” ಎಂದರು ಬಾಯರ್ಲೆ.

ಏಳನೆಯ ಮನೆಯಾಕೆಗೆ ಬೆಂಚಿನದೇ ಚಿಂತೆ. ಬೆಂಚು ಹಾಕಿದರೆ ಹುಡುಗ ಹುಡುಗಿಯರು ಬಂದು ಕೂತು ಮುತ್ತು ಕೊಟ್ಟುಕೊಳ್ಳುತ್ತಾರಂತೆ. “ಕೊಟ್ಕೊಳ್ಳಲಿ ಬಿಡಿ, ನಾನು ಬಂದಾಗ ಎದ್ದು ಜಾಗ ಬಿಟ್ರೆ ಸಾಕು,” ಎಂದರು ಬಾಯರ್ಲೆ. ನಾನಂತೂ ಯಾವ ಕಡೆಗೂ ಇರಲಿಲ್ಲ. ಹಳೆಯ ಕಲ್ಲಿನ ಯಾವ ಕಲೆಗೆ ಸೋಡಾ, ಯಾವುದಕ್ಕೆ ವಿನೆಗರ್ ಎಂದು ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿದಿತ್ತು. ಹೊಸ ಕಲ್ಲು ಬಂದರೆ ಮತ್ತೆ ಒಂದರಿಂದ ಶುರು ಮಾಡಬೇಕು. ಆದರೆ ಬೆಂಚು ಬೇಕು ಅನ್ನುವುದರಲ್ಲಿ ಎರಡು ಮಾತಿರಲಿಲ್ಲ.

ಸೆಪ್ಟೆಂಬರಿನ ಮೊದಲ ಗುರುವಾರ ಯಾರೋ ಬಂದು ಮೆಟ್ಟಿಲ ಮೇಲೆಲ್ಲ ಕಿತ್ತಳೆ ಬಣ್ಣದಲ್ಲಿ ಇಂಟು ಗುರುತು, ಬಾಣ, ಅಂಕಿ ಬಳಿದು ಹೋದರು. ನಮಗೇನೂ ಆಶ್ಚರ್ಯವಾಗಲಿಲ್ಲ. ಗ್ಯಾಸಿನವರು, ಕೇಬಲ್ಲಿನವರು ಬರುತ್ತಾರೆ, ಬಳಿಯುತ್ತಾರೆ, ಹೋಗುತ್ತಾರೆ. ಆ ವಾರ ಹಲಗೆ ಸೆವ್ಗಿಯ ಬಾಗಿಲಲ್ಲಿತ್ತು. ಸೆವ್ಗಿ ಇಲ್ಲೇ ಹುಟ್ಟಿದವಳು, ಕೆಳಗೆ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ಅವಳಪ್ಪ ಟರ್ಕಿಯಿಂದ ಬಂದಾಗ ಅವನಿಗೆ ಮೊದಲು ಗುಡಿಸಲು ಕಲಿಸಿದವರು ಬಾಯರ್ಲೆ. ಈಗ ಇಡೀ ಗುಡ್ಡದಲ್ಲಿ ಅವಳಷ್ಟು ಕಟ್ಟುನಿಟ್ಟಿನವರಿಲ್ಲ. ಶನಿವಾರ ಕಿತ್ತಳೆ ಬಣ್ಣ ಕಂಡು ಅವಳ ಮೈಯೆಲ್ಲ ಉರಿಯಿತು. ಥಿನ್ನರ್, ತಂತಿ ಬ್ರಷ್ಷು, ಬಿಸಿನೀರು. ಮಧ್ಯಾಹ್ನದ ಹೊತ್ತಿಗೆ ಒಂದು ಚುಕ್ಕೆಯೂ ಉಳಿಯಲಿಲ್ಲ.

ಮುಂದಿನ ಗುರುವಾರ ಮತ್ತೆ ಬಳಿದರು. ಆ ವಾರ ಕ್ನಾಪ್‌ನ ಪಾಳಿ, ಅವನೂ ಉಜ್ಜಿದ. ಮೂರನೆಯ ವಾರ ಮತ್ತೆ ಬಳಿದರು, ಡಾಕ್ಟರ್ ನೇಗೆಲೆಯ ಪಾಳಿ, ಅದೂ ಮಾಯ. ಯಾರೂ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೇನಿದೆ? ತನ್ನ ಪಾಳಿಯಲ್ಲಿ ಬಣ್ಣ ಇತ್ತು ಅಂತ ಯಾರಾದರೂ ಡಂಗುರ ಹೊಡೆಯುತ್ತಾರೆಯೇ?

ನಾಲ್ಕನೆಯ ವಾರ ಬಾಯರ್ಲೆಯವರ ಪಾಳಿ. ಇಲ್ಲಿ ನಾನೊಂದು ಗುಟ್ಟು ಹೇಳಬೇಕು. ಎರಡು ವರ್ಷದಿಂದ ಅವರ ಪಾಳಿ ಮಾಡುತ್ತಿದ್ದವಳು ನಾನು. ಯಾರೂ ಕೇಳಿಕೊಂಡದ್ದಲ್ಲ. ಒಂದು ಶನಿವಾರ ಅವರು ಬಕೆಟ್ಟು ಹಿಡಿದು ಮೊದಲ ಮೆಟ್ಟಿಲ ಮೇಲೆ ಸುಮ್ಮನೆ ನಿಂತದ್ದನ್ನು ನೋಡಿದೆ, ಅಷ್ಟೇ. ಅದರ ಮುಂದಿನ ಪಾಳಿಗೆ ಬೆಳಗ್ಗೆ ಊರು ಏಳುವ ಮೊದಲೇ ಹೋಗಿ ಗುಡಿಸಿ, ಉಜ್ಜಿ ಬಂದೆ. ಅವರು ಒಂದು ಮಾತು ಆಡಲಿಲ್ಲ, ನಾನೂ ಆಡಲಿಲ್ಲ. ಹತ್ತು ಗಂಟೆಗೆ ಅವರು ಬಕೆಟ್ಟು ಹಿಡಿದು ಹೊರಗೆ ಬಂದು, ಹೋಗಿಬರುವವರಿಗೆಲ್ಲ ನಮಸ್ಕಾರ ಹೇಳಿ, ಹಲಗೆಯನ್ನು ಮುಂದಿನವರ ಬಾಗಿಲಿಗೆ ಸಿಕ್ಕಿಸುತ್ತಿದ್ದರು. ಪಾಳಿ ಮಾಡಲಾಗದವರು ಎಂದು ಒಮ್ಮೆ ಹೆಸರು ಬಿದ್ದರೆ ಹೈಡ್ರುನ್‌ಗೆ ಗಡುವೂ ಬೇಕಾಗುವುದಿಲ್ಲ, ಮಾರನೆಯ ದಿನವೇ ವ್ಯಾನು ತರುತ್ತಾಳೆ.

ಆ ಶನಿವಾರವೂ ಹಾಗೇ. ಆರೂವರೆ, ಬೀದಿ ದೀಪ ಇನ್ನೂ ಉರಿಯುತ್ತಿತ್ತು, ಕನ್ನಡಕ ಒಳಗೇ ಮರೆತಿದ್ದೆ. ನಡುವಿನಲ್ಲಿ ಒಂದು ಕಡೆ ಉದ್ದನೆಯ ಚೌಕ, ಅದರ ಎರಡು ತುದಿಗೆ ಎರಡು ಇಂಟು ಗುರುತು, ಬಹಳ ದಪ್ಪಗೆ ಬಳಿದಿದ್ದರು. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಶಪಿಸುತ್ತಾ ಉಜ್ಜಿದೆ.

ಸೋಮವಾರ ಪೇಪರು ಬಂತು. ‘ಕಾಗೆ ಮೆಟ್ಟಿಲಿನ ಮೂಕ ಪ್ರತಿರೋಧ: ನಾಲ್ಕು ಬಾರಿ ಅಳತೆ ಗುರುತು ಅಳಿಸಿದ ನಿವಾಸಿಗಳು.’ ಅಳತೆಯವರು ಕೈಚೆಲ್ಲಿ ಕೂತಿದ್ದಾರಂತೆ. ಅಳಿಸುವ ಮೊದಲು ತೆಗೆದ ಗುರುತಿನ ಫೋಟೋ ಕೂಡ ಹಾಕಿದ್ದರು. ಉದ್ದನೆಯ ಚೌಕ, ಎರಡು ಇಂಟು, ಕೆಳಗೆ ವಿವರಣೆ: ‘ಬೆಂಚಿನ ಜಾಗ.’

ಅಯ್ಯೋ ದೇವರೇ! ನನ್ನ ಕೈಯಾರೆ ಬಾಯರ್ಲೆಯವರ ಬೆಂಚನ್ನು ಉಜ್ಜಿ ತೊಳೆದು ಟ್ರಾಮ್ ನಿಲ್ದಾಣದ ಚರಂಡಿಗೆ ಬಿಟ್ಟಿದ್ದೆ. ಕಾಫಿ ಇಳಿಯಲಿಲ್ಲ. ಎದುರು ಬಾಗಿಲು ತಟ್ಟಿ ಹೇಳಿಬಿಡೋಣ ಅಂತ ಎರಡು ಸಲ ಹೋದೆ, ಎರಡು ಸಲವೂ ಸಕ್ಕರೆ ಸಾಲ ಕೇಳಿ ವಾಪಸು ಬಂದೆ.

ಡಾಕ್ಟರ್ ನೇಗೆಲೆಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು. ಪೇಪರಿನವರು ಕೇಳಿದಾಗ “ಇದು ಸಮಿತಿಯ ಶಾಂತಿಯುತ ಹೋರಾಟ” ಎಂದುಬಿಟ್ಟರು. ಬ್ರಷ್ಷಿನ ಚಿತ್ರವಿರುವ ಬಿಲ್ಲೆ ಮಾಡಿಸಿ ಹಂಚಿದರು. ಕಿಟಕಿ ಕಿಟಕಿಗಳಲ್ಲಿ ಬ್ರಷ್ಷು ನೇತಾಡಿದವು. ಐದನೆಯ ವಾರ ನನ್ನದೇ ಪಾಳಿ, ಆಗಲೇ ಫೋಟೋದವನು ಬಂದು ನನ್ನನ್ನೂ ಪಾರಿವಾಳದ ಹಿಕ್ಕೆಯನ್ನೂ ಹಿಡಿದದ್ದು. ಸುಳ್ಳು ಯಾಕೆ ಹೇಳಲಿ, ಬೇಕರಿಯಲ್ಲಿ ನನ್ನ ಗುರುತು ಹಿಡಿದು ಒಂದು ಬ್ರೆಟ್ಸೆಲ್ ಬ್ರೆಡ್ಡು ಪುಕ್ಕಟೆ ಕೊಟ್ಟಾಗ ಒಂದು ಕ್ಷಣ ಜಂಭ ಬಂತು. ತಿಂದೂಬಿಟ್ಟೆ. ಆಮೇಲೆ ನೂರ ನಲವತ್ತಾರು ಮೆಟ್ಟಿಲು ಹತ್ತುವಷ್ಟರಲ್ಲಿ ಆ ಬ್ರೆಟ್ಸೆಲ್ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತ್ತು.

ಅಕ್ಟೋಬರ್ ಎರಡನೆಯ ಮಂಗಳವಾರ ಸಂಜೆ ಆರಕ್ಕೆ ಚರ್ಚಿನ ಸಭಾಂಗಣದಲ್ಲಿ ನಿವಾಸಿಗಳ ಸಭೆ. ನಗರಸಭೆಯಿಂದ ಬಂದವಳು ಫೆಂಕೆ ಬೋಯ್ಸನ್ ಎಂಬ ಹುಡುಗಿ, ಉತ್ತರದ ಕಡಲ ತೀರದವಳು, ಕೆಲಸಕ್ಕೆ ಸೇರಿ ಆರು ತಿಂಗಳು. ಅವಳ ಊರಲ್ಲಿ ಮೆಟ್ಟಿಲೂ ಇಲ್ಲ, ಗುಡ್ಡವೂ ಇಲ್ಲ, ಪಾಳಿಯೂ ಇಲ್ಲ. ಕಸವನ್ನು ಗಾಳಿಯೇ ಹೊಡೆದುಕೊಂಡು ಹೋಗುತ್ತದಂತೆ. ಒಳ್ಳೆಯ ಹುಡುಗಿ. ನಮ್ಮ ಮಾತು ಕೇಳಬೇಕೆಂಬ ಆಸೆ ಅವಳಿಗೆ ನಿಜವಾಗಿಯೂ ಇತ್ತು, ಅದೇ ನಮ್ಮ ಗ್ರಹಚಾರ. ಎರಡನೆಯ ಸಾಲಿನಲ್ಲಿ ಬಾಯರ್ಲೆ ಕೂತಿದ್ದರು, ಪಕ್ಕದಲ್ಲಿ ಹೈಡ್ರುನ್. ಬೆಂಚಿನ ಗತಿ ಏನಾಗುತ್ತದೆಂದು ತಾನೇ ಕಿವಿಯಾರೆ ಕೇಳಿ ಹೋಗಲು ಬಂದಿದ್ದಳು. ಬಾಯರ್ಲೆಯವರ ಕೈಚೀಲದಲ್ಲಿ ಫ್ರಿಜ್ಜಿನಿಂದ ಕಿತ್ತು ತಂದ ಚಿತ್ರವಿತ್ತು.

“ನಾನು ಯಾರ ಮೇಲೂ ಕೇಸ್ ಹಾಕಲ್ಲ,” ಎಂದಳು ಫೆಂಕೆ. “ನಂಗೆ ಒಂದೇ ಒಂದು ವಿಷಯ ತಿಳೀಬೇಕು. ಸೆಪ್ಟೆಂಬರ್ ಮೊದಲನೇ ಶನಿವಾರ ಗುರುತು ಅಳಿಸಿದ್ದು ಯಾರು?”

ಸೆವ್ಗಿ ಪಟಕ್ಕನೆ ಕೈ ಎತ್ತಿದಳು. ಎತ್ತದೆ ಏನು ಮಾಡುತ್ತಾಳೆ? ಅವಳ ಪಾಳಿಯ ವಾರ ಅದು. ಎತ್ತದಿದ್ದರೆ ಉಜ್ಜಿಲ್ಲ ಅಂತಾಗುತ್ತದೆ.

“ಎರಡನೇ ಶನಿವಾರ?” ಕ್ನಾಪ್‌ನ ಕೈ. “ಮೂರನೇ?” ಡಾಕ್ಟರ್ ನೇಗೆಲೆಯ ಕೈ, ಎತ್ತಿದ್ದಲ್ಲದೆ ಎದ್ದೂ ನಿಂತರು.

“ನಾಲ್ಕನೇ ಶನಿವಾರ?”

 ಎರಡನೆಯ ಸಾಲಿನಲ್ಲಿ ಒಂದು ಸಣ್ಣ ಕೈ, ಬೂದು ಬಣ್ಣದ ಉಣ್ಣೆ ತೋಳಿನೊಳಗಿಂದ, ಮೆಲ್ಲಗೆ ಮೇಲಕ್ಕೆ ಹೋಯಿತು. ಬಾಯರ್ಲೆ ನೇರ ಮುಂದಕ್ಕೆ ನೋಡುತ್ತಿದ್ದರು.

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. “ಎಂಬತ್ತಮೂರು ವರ್ಷ! ಮಂಡಿಯೂರಿ!” ಎಂದು ನೇಗೆಲೆ ಕೂಗಿದರು. ಅದನ್ನು ಕಂಡು ಮಿಕ್ಕ ಮನೆಯವರಿಗೂ ಸುಮ್ಮನಿರಲಾಗಲಿಲ್ಲ. “ನಮ್ಮ ವಾರದಲ್ಲಿ ಬಳಿದಿದ್ರೆ ನಾವೂ ಬಿಡ್ತಿರ್ಲಿಲ್ಲ!” ಎಂದು ಒಬ್ಬೊಬ್ಬರಾಗಿ ಕೈ ಎತ್ತಿದರು. ಮುತ್ತಿನ ಚಿಂತೆಯ ಏಳನೆಯ ಮನೆಯಾಕೆ ಎರಡೂ ಕೈ ಎತ್ತಿದರು. ‘ಗುಡಿಸದವನ ಮನೆ’ಯವರಂತೂ ಕುರ್ಚಿ ಹತ್ತಿ ನಿಂತರು.

ಫೆಂಕೆಯ ಕಣ್ಣು ಒದ್ದೆಯಾಯಿತು. “ಅರ್ಥ ಆಯ್ತು,” ಎಂದಳು. “ಹತ್ತಕ್ಕೆ ಹತ್ತು ಮನೆ. ಇಷ್ಟು ಒಗ್ಗಟ್ಟು ನಾನೆಲ್ಲೂ ನೋಡಿಲ್ಲ. ಬೇಡ ಅನ್ನೋ ಜನರ ಮೇಲೆ ನಾವು ಏನನ್ನೂ ಹೇರಲ್ಲ. ಯೋಜನೆ ಕೈಬಿಡಿ ಅಂತ ನಾಳೇನೇ ಬರೀತೀನಿ.” ಎಂದು ಫೈಲು ಮುಚ್ಚಿದಳು.

ಹೈಡ್ರುನ್ ಅಮ್ಮನ ಕೋಟು ಕೈಗೆ ತೆಗೆದುಕೊಂಡಳು.

ನಾನು ಎದ್ದು ನಿಂತೆ. “ರೀ, ನಿಲ್ಲಿ! ಅದು ವಿರೋಧ ಅಲ್ಲ. ಅದು ಗುಡಿಸೋದು!”

“ಏನು?”

“ಗುಡಿಸೋದು ಕಣಮ್ಮಾ! ಶನಿವಾರ ಬಂತು, ಮೆಟ್ಟಿಲ ಮೇಲೆ ಏನೋ ಬಿದ್ದಿದೆ, ತೆಗೀತೀವಿ. ನೀನು ಬಣ್ಣ ಬಳಿದ್ರೂ ತೆಗೀತೀವಿ, ಚಿನ್ನ ಬಳಿದ್ರೂ ತೆಗೀತೀವಿ!”

ಫೆಂಕೆ ಪ್ರೀತಿಯಿಂದ ನಕ್ಕಳು. “ರಾಪ್ ಅವ್ರೇ, ನಿಮ್ಮ ಫೋಟೋ ನಮ್ಮ ಆಫೀಸಿನ ಗೋಡೆ ಮೇಲಿದೆ. ಇಷ್ಟೊಂದು ವಿನಯ ಬೇಡ. ಥಿನ್ನರ್ ಹಾಕಿ, ತಂತಿ ಬ್ರಷ್ಷಲ್ಲಿ, ನಾಲ್ಕು ವಾರ, ಬರೀ ಗುಡಿಸೋಕೆ ಯಾರು ಮಾಡ್ತಾರೆ? ಸರಿ, ಬೇರೆಯವರದ್ದು ಬಿಡಿ. ಈ ಅಜ್ಜಿ ಈ ವಯಸ್ಸಲ್ಲಿ ಮಂಡಿಯೂರಿ ಅಳಿಸಿದಾರಲ್ಲ, ಇವರಿಗೆ ಆ ಬೆಂಚು ಬೇಡವೇ ಬೇಡ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?”

ಒಂದು ವಾಕ್ಯ ಸಾಕಿತ್ತು. ‘ಅಳಿಸಿದ್ದು ಅವರಲ್ಲ, ನಾನು.’ ಬಾಯಿ ತೆರೆದೆ. ಬಾಯರ್ಲೆ ತಿರುಗಿ ನನ್ನನ್ನು ನೋಡಿದರು. ಮೂವತ್ತೊಂದು ವರ್ಷದಲ್ಲಿ ಆ ನೋಟ ನೋಡಿರಲಿಲ್ಲ. ಬೇಡ ಎಂದು ಕೈಮುಗಿದ ಹಾಗಿತ್ತು. ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ಅವರ ಮನೆ ಹೋಗುತ್ತದೆ. ಮೂವತ್ತೆರಡು ವರ್ಷ ಯಾರಿಗೂ ಹೆದರದೆ ಬಾಯಿ ಮಾಡಿದವಳು ಅವತ್ತು ನಿಜಕ್ಕೂ ಮೂಕಿಯಾದೆ, ಬಾಯಿ ತೆರೆದುಕೊಂಡೇ ನಿಂತಿದ್ದೆ.

ಬಾಯರ್ಲೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು. ಏಳಲು ಬಹಳ ಹೊತ್ತಾಯಿತು.

“ಎರಡು ವರ್ಷದಿಂದ ನನ್ನ ಪಾಳಿ ನಾನು ಮಾಡಿಲ್ಲ,” ಎಂದರು.

ಯಾರದೋ ಕೈಯಿಂದ ಬ್ರಷ್ಷಿನ ಬಿಲ್ಲೆ ನೆಲಕ್ಕೆ ಬಿತ್ತು.

“ಮಂಡಿ ಊರಿದ್ರೆ ಏಳೋಕಾಗಲ್ಲ. ರಾಪ್ ಅವ್ರು ಬೆಳಗಾಗೋಕೆ ಮುಂಚೆ ಬಂದು ಮಾಡ್ತಾರೆ. ನಾನು ಕಿಟಕಿ ಪರದೆ ಹಿಂದೆ ನಿಂತು ನೋಡ್ತೀನಿ. ಹತ್ತು ಗಂಟೆಗೆ ಬಕೆಟ್ ಹಿಡ್ಕೊಂಡು ಆಚೆ ಬಂದು ನಿಮಗೆಲ್ಲ ನಮಸ್ಕಾರ ಹೇಳ್ತೀನಲ್ಲ, ಆ ಬಕೆಟ್ಟು ಖಾಲಿ.”

“ಅಮ್ಮಾ!” ಎಂದಳು ಹೈಡ್ರುನ್. “ಫೋನ್ ಮಾಡಿದಾಗೆಲ್ಲ ಇವತ್ತು ಪಾಳಿ ಮುಗಿಸ್ದೆ, ಬೆನ್ನು ನೋವು ಅಂತಿದ್ಯಲ್ಲ!”

“ಖಾಲಿ ಬಕೆಟ್ಟಿಗೂ ತೂಕ ಇರುತ್ತೆ,” ಎಂದರು ಬಾಯರ್ಲೆ. ಆಮೇಲೆ ಫೆಂಕೆಯ ಕಡೆ ತಿರುಗಿದರು. “ಆ ಚೌಕ ನನ್ನ ಬೆಂಚಿಂದು ಅಂತ ನಂಗೆ ಗೊತ್ತಿತ್ತು ಮಗಳೇ. ಗುರುವಾರ ಬಳಿಯೋಕೆ ಬಂದವನನ್ನೇ ಕೇಳಿದ್ದೆ. ಇವ್ರು ಅದನ್ನ ಉಜ್ಜೋದನ್ನ ಇಪ್ಪತ್ತು ನಿಮಿಷ ಕಣ್ಣಾರೆ ನೋಡ್ದೆ.”

ನನಗೆ ತಡೆಯಲಾಗಲಿಲ್ಲ. “ಗೊತ್ತಿತ್ತಾ? ಮತ್ತೆ ಕಿಟಕಿ ತೆಗೆದು ಒಂದು ಕೂಗು ಹಾಕಬಾರದಿತ್ತಾ ಬಾಯರ್ಲೆ ಅವ್ರೇ?”

“ಹೇಗೆ ಕೂಗ್ಲಿ? ಕೂಗಿದ್ರೆ ನೀವು ಮಾಡ್ತಿರೋದು ನಂಗೆ ಗೊತ್ತು ಅಂತಾಗ್ತಿತ್ತಲ್ಲ.”

ಅಲ್ಲಿದ್ದ ನಮ್ಮವರಿಗೆಲ್ಲ ಅದು ತಕ್ಷಣ ಅರ್ಥವಾಯಿತು. ಒಬ್ಬರೂ ನಗಲಿಲ್ಲ. ಫೆಂಕೆ ಮಾತ್ರ ತಲೆಬುಡ ಗೊತ್ತಾಗದೆ ಪೆನ್ನು ಹಿಡಿದು ಕೂತಿದ್ದಳು. ನನಗಂತೂ ಕಣ್ಣಲ್ಲಿ ನೀರು ಬಂತು, ಅದನ್ನು ಯಾರೂ ನೋಡಬಾರದೆಂದು ಜೋರಾಗಿ ಮೂಗು ಸೀಟಿದೆ.

ಆಗ ಸೆವ್ಗಿ ಎದ್ದಳು. “ಇವ್ರೇ ಹೇಳಿದ್ಮೇಲೆ ನಾನೂ ಹೇಳ್ತೀನಿ. ಡಾಕ್ಟರ್ರೇ, ನೀವು ಹೇಳ್ತೀರೋ, ನಾನು ಹೇಳ್ಲೋ?”

ನೇಗೆಲೆಯ ಕಿವಿ ಬೀಟ್‌ರೂಟ್ ಆಯಿತು. “ಅದು ಇಲ್ಲಿ ಅಪ್ರಸ್ತುತ,” ಎಂದರು.

“ಇವರ ಪಾಳಿ ಮಾಡೋದು ನಾನು. ಇವರು ನನ್ನ ಮಗಳಿಗೆ ಲ್ಯಾಟಿನ್ ಹೇಳಿಕೊಡ್ತಾರೆ. ಮೂರನೇ ಶನಿವಾರ ಉಜ್ಜಿದ್ದೂ ನಾನೇ.”

“ಹಾಗಾದ್ರೆ,” ಎಂದಳು ಫೆಂಕೆ ನಿಧಾನವಾಗಿ, “ಸಮಿತಿ ಅಧ್ಯಕ್ಷರು ಒಂದು ಗುರುತೂ ಅಳಿಸಿಲ್ಲ. ಅಳಿಸಿದವರು ಯಾರೂ ಸಮಿತಿಯವರಲ್ಲ.”

“ನನ್ನ ಪಾಳಿ ನಾನೇ ಉಜ್ಜಿದ್ದು!” ಎಂದ ಕ್ನಾಪ್. “ಆದ್ರೆ ಪಾರ್ಕಿಂಗ್ ಗೀರ್ಕಿಂಗ್ ನೆನಪಾಗ್ಲಿಲ್ಲ. ಹಲಗೆ ಮುಂದಕ್ಕೆ ಹೋಗೋದು ಈ ಡಾಕ್ಟರ್ ಮನೆಗೆ. ಇಳಿದು ನೋಡಿ ಹುಬ್ಬು ಹಾರಿಸ್ತಾನಲ್ಲ ಮಹಾರಾಯ, ಆ ಹುಬ್ಬಿಗೆ ಹೆದರಿ ಉಜ್ಜಿದೆ.”

ಈಗ ನಗು ಸಿಡಿಯಿತು. ನೇಗೆಲೆಯ ಹುಬ್ಬು ಎಲ್ಲಿ ಹೋಗಬೇಕೆಂದು ತಿಳಿಯದೆ ಹಣೆಯ ಮೇಲೇ ಉಳಿಯಿತು.

ಫೆಂಕೆ ಫೈಲು ಮತ್ತೆ ತೆರೆದಳು. “ಮೊದಲಿಂದ ಕೇಳ್ತೀನಿ. ಎಪ್ಪತ್ತಮೂರನೇ ಮೆಟ್ಟಿಲ ಹತ್ರ ಬೆಂಚು ಬೇಡ ಅನ್ನೋರು ಕೈ ಎತ್ತಿ.”

ಏಳನೆಯ ಮನೆಯಾಕೆ ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಕ್ನಾಪ್ ಅರ್ಧ ಎತ್ತಿದ. “ಬೆಂಚಿಗಲ್ಲ,” ಎಂದ, “ಕಾರಿನ ಜಾಗಕ್ಕೆ.” ಅವನ ಹೆಂಡತಿ ಆ ಕೈ ಹಿಡಿದು ಕೆಳಗಿಳಿಸಿದಳು. ಹಳೆಯ ಕಲ್ಲನ್ನು ಒಡೆಯದೆ ಅಂಚಿನಲ್ಲಿ ಮರುಬಳಕೆ ಮಾಡಿದರೆ ತಮ್ಮ ಅಭ್ಯಂತರವಿಲ್ಲವೆಂದು ನೇಗೆಲೆ ಗೋಡೆಯ ಕಡೆ ನೋಡಿಕೊಂಡು ಹೇಳಿದರು. ಫೆಂಕೆ ಎಲ್ಲವನ್ನೂ ಬರೆದುಕೊಂಡಳು. ಬಾಗಿಲಲ್ಲಿ ನನ್ನನ್ನು ಹಿಡಿದು ಕೇಳಿದಳು, “ಅಲ್ಲಾ ರಾಪ್ ಅವ್ರೇ, ಚಿನ್ನ ಬಳಿದ್ರೂ ತೆಗೀತೀರಾ?” ಎಂದು. ಶನಿವಾರವಾದರೆ ತೆಗೆಯುತ್ತೇವೆ ಎಂದೆ.

ಹೈಡ್ರುನ್ ಮಾತ್ರ ಕರಗಲಿಲ್ಲ. ಎರಡು ವರ್ಷ ಸುಳ್ಳು ಹೇಳಿದ ಅಮ್ಮನನ್ನು ಹೇಗೆ ನಂಬುವುದು ಅನ್ನುವುದು ಅವಳ ವಾದ, ಅದರಲ್ಲಿ ತಪ್ಪೇನೂ ಇರಲಿಲ್ಲ. “ಬೆಂಚು ಬರಲಿ. ನಾನು ಮೇಲೆ ನಿಂತು ನೋಡ್ತೀನಿ. ಯಾರೂ ಕೈ ಹಿಡೀಬಾರದು, ಚೀಲ ಹಿಡೀಬಾರದು. ಹತ್ತಿದ್ರೆ ಸರಿ. ಇಲ್ಲಾಂದ್ರೆ ಕೋಣೆ ಇದೆ,” ಎಂದು ಹೇಳಿ ರೈಲು ಹತ್ತಿದಳು.

ಮುಂದಿನ ಗುರುವಾರ ಮತ್ತೆ ಕಿತ್ತಳೆ ಗುರುತು ಬಿದ್ದವು. ಆಮೇಲಿನ ಐದು ಶನಿವಾರ ನಾವು ಗುಡಿಸಿದ್ದನ್ನು ನೀವು ನೋಡಬೇಕಿತ್ತು! ಒಂದೊಂದು ಇಂಟು ಗುರುತಿನ ಸುತ್ತ ಹಲ್ಲುಜ್ಜುವ ಬ್ರಷ್ಷು ಹಿಡಿದು, ಮಗುವಿನ ಮುಖ ಒರೆಸುವ ಹಾಗೆ ಉಜ್ಜಿದೆವು. ಮೆಟ್ಟಿಲು ಬೆಳ್ಳಗೆ, ಗುರುತು ಹೊಳೆಯುವ ಕಿತ್ತಳೆ. ಮಳೆಗೆ ಒಂದು ಬಾಣ ಮಾಸಿದಾಗ ಕ್ನಾಪ್ ತನ್ನ ಗ್ಯಾರೇಜಿನಿಂದ ಬಣ್ಣ ತಂದು ಅದನ್ನು ತಿದ್ದಿದ. ಬಾಣ ಸ್ವಲ್ಪ ಅವನ ಕಾರಿನಿಂದ ಆಚೆಗೆ ತಿರುಗಿತ್ತು ಅನ್ನುವುದು ಬೇರೆ ಮಾತು. ಅಳತೆಯವರು ಬಂದು ಮತ್ತೆ ಸರಿಮಾಡಿದರು.

ಇಡೀ ಮೆಟ್ಟಿಲಿನ ಕೆಲಸ ವಸಂತಕ್ಕೆ ಎಂದರು. ಆದರೆ ಫೆಂಕೆ ಹಟ ಹಿಡಿದು ಕಟ್ಟೆ ಮತ್ತು ಬೆಂಚನ್ನು ಮೊದಲು ಮಾಡಿಸಿದಳು. ಡಿಸೆಂಬರ್ ಹದಿಮೂರು, ಶುಕ್ರವಾರ. ಹೈಡ್ರುನ್ ಮೇಲೆ ಕೈಕಟ್ಟಿ ನಿಂತಳು. ನಾವೆಲ್ಲ ಕಿಟಕಿಗಳಲ್ಲಿದ್ದೆವು, ಯಾರೂ ನೋಡುತ್ತಿಲ್ಲ ಎಂಬಂತೆ. ಬಾಯರ್ಲೆ ಕೆಳಗಿನಿಂದ ಹೊರಟರು, ಕೈಯಲ್ಲಿ ಸೊಪ್ಪಿನ ಚೀಲ. ಇಪ್ಪತ್ತು. ನಲವತ್ತು. ಅರವತ್ತರ ಹತ್ತಿರ ಗೋಡೆಗೆ ಕೈ ಕೊಟ್ಟು ನಿಂತರು. ನನ್ನ ಕಾಲು ತಾನಾಗಿ ಬಾಗಿಲ ಕಡೆ ಹೊರಟಿತು, ಹಲ್ಲು ಕಚ್ಚಿ ನಿಂತೆ. ಮತ್ತೆ ಹೊರಟರು. ಎಪ್ಪತ್ತಮೂರು.

ಕೂರಲಿಲ್ಲ. ಕೋಟಿನ ಜೇಬಿನಿಂದ ಒಂದು ಬಟ್ಟೆ ತೆಗೆದು ಬೆಂಚನ್ನು ಈ ತುದಿಯಿಂದ ಆ ತುದಿಗೆ ಒರೆಸಿದರು. ಹಲಗೆಗಳ ಸಂದಿಗೂ ಬೆರಳು ಹಾಕಿದರು. ಆಮೇಲೆ ಕೂತರು. ಕೂತಲ್ಲಿಂದಲೇ ಬಗ್ಗಿ ಕೈಗೆ ಸಿಕ್ಕ ಬೆಂಚಿನ ಕಾಲನ್ನೂ ಒರೆಸಿದರು. ಹತ್ತು ನಿಮಿಷ ಬಿಟ್ಟು ಎದ್ದು, ಉಳಿದ ಎಪ್ಪತ್ತಮೂರನ್ನು ಹತ್ತಿ ಮೇಲೆ ಬಂದಾಗ ಮುಖ ಕೆಂಪಾಗಿತ್ತು, ಉಸಿರು ಮೇಲಕ್ಕೂ ಕೆಳಕ್ಕೂ ಹೋಗುತ್ತಿತ್ತು, ಸೊಪ್ಪು ಮಾತ್ರ ಬಾಡಿರಲಿಲ್ಲ.

ಅವರ ಬಾಗಿಲ ಹಿಡಿಯಲ್ಲಿ ಒಂದು ಹೊಸ ಹಲಗೆ ನೇತಾಡುತ್ತಿತ್ತು. ಮಾಡಿಸಿದವಳು ಸೆವ್ಗಿ, ಅಕ್ಷರ ಬರೆದವರು ನೇಗೆಲೆ: ‘ಬೆಂಚು. ಪ್ರತಿ ವಾರ.’ ಮುಂದಿನವರ ಹೆಸರಿನ ಜಾಗ ಖಾಲಿ ಇತ್ತು.

“ಕೂತುಕೊಂಡೇ ಮಾಡೋ ಕೆಲಸ ಬಾಯರ್ಲೆ ಅವ್ರೇ,” ಎಂದೆ. “ನಿಮಗೇ ಅಂತ ಎಲ್ಲರೂ ಸೇರಿ ಹಾಕಿದೀವಿ. ಬೇರೆ ಯಾರಿಗೂ ಕೊಡೋ ಹಾಗಿಲ್ಲ.”

ಅವರು ಹಲಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ನನ್ನ ಹೆಸರು ವಾಲ್ಬುರ್ಗಾ,” ಎಂದು ಕೈ ಚಾಚಿದರು. ಮೂವತ್ತೊಂದು ವರ್ಷವಾದ ಮೇಲೆ. ನಮ್ಮಲ್ಲಿ ಹೆಸರು ಹಿಡಿದು ಕರೆಯುವ ಸಲಿಗೆಗೆ ದೊಡ್ಡವರೇ ಮೊದಲು ಕೈ ಚಾಚಬೇಕು, ನಾನು ಕಾದದ್ದು ಸಾಕಾಗಿತ್ತು. “ಗೆರ್ಲಿಂಡೆ,” ಎಂದು ಹಿಡಿದುಕೊಂಡೆ.

ಹೈಡ್ರುನ್ ಗಂಟಲು ಸರಿಮಾಡಿಕೊಂಡಳು. “ಅಮ್ಮಾ, ಹತ್ತಿದ್ದೇನೋ ಹತ್ತಿದೆ. ಆದ್ರೂ ಆ ಕೋಣೆ... ಸೋಮವಾರದೊಳಗೆ ಅವರಿಗೆ ಹೇಳಬೇಕು.”

ವಾಲ್ಬುರ್ಗಾ ಹಲಗೆಯನ್ನು ಮತ್ತೆ ಬಾಗಿಲಿಗೆ ಸಿಕ್ಕಿಸಿದರು. ನೆಟ್ಟಗಿದೆಯೋ ಇಲ್ಲವೋ ಎಂದು ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

“ಹೇಗೆ ಬರ್ಲಿ ಮಗಳೇ?” ಎಂದರು. “ವಾರ ವಾರ ನಂದೇ ಪಾಳಿ.”